ಕುಲಶೇಖರದ ಕ್ಯಾನ್ಯೂಟ್ ಮತ್ತು ಒಡೆನ್ಸೆಯ ಅರಸ

ಹುಟ್ಟಿದ ದಿನ ಯಾವ ಸಂತನ ಹಬ್ಬವೋ ಆ ಹೆಸರನ್ನೇ ಮಗುವಿಗಿಡುವುದು ಕುಲಶೇಖರದ ಲಸ್ರಾದೊ ಮನೆಯ ಪದ್ಧತಿ. ಅಣ್ಣನಿಗೆ ಆಂತೋನಿ, ಅಕ್ಕನಿಗೆ ಲೂಸಿ ಎಂದು ಚಂದದ ಹೆಸರುಗಳು ಸಿಕ್ಕಿದವು. ಜನವರಿ ಹತ್ತೊಂಬತ್ತರಂದು ಹುಟ್ಟಿದ ತಪ್ಪಿಗೆ ಕಿರಿಯವನ ಪಾಲಿಗೆ ಬಂದವನು ಮಾತ್ರ ಡೆನ್ಮಾರ್ಕಿನ ಒಬ್ಬ ಹಳೇ ಅರಸ, ಸಂತ ಕ್ಯಾನ್ಯೂಟ್. ಶಾಲೆಯಲ್ಲಿ ಆ ಹೆಸರನ್ನು ತಿರುಚದ ಮಕ್ಕಳಿರಲಿಲ್ಲ.

ಆದರೂ ನಮ್ಮ ಕ್ಯಾನ್ಯೂಟನಿಗೆ ಆ ಅರಸನೆಂದರೆ ಜೀವ. ಸಿಕ್ಕವರನ್ನು ಹಿಡಿದು ಕೂರಿಸಿ ಕತೆ ಹೇಳುವುದೇ ಕೆಲಸ. ಇಂಗ್ಲೆಂಡನ್ನು ಗೆಲ್ಲಲು ಅರಸ ಹಡಗುಗಳನ್ನು ಸೇರಿಸಿದ, ಆದರೆ ಅವು ಕಾದು ನಿಂತಲ್ಲಿಗೆ ಅವನಿಗೇ ಬರಲಾಗಲಿಲ್ಲ. ಸೈನ್ಯಕ್ಕೆ ಸೇರಿದ್ದ ರೈತರು ಕಾದು ಬೇಸತ್ತು ಕೊಯ್ಲಿಗೆಂದು ಮನೆಗೆ ಹೋದರು. ಅರಸ ದಂಡ ಹಾಕಿದ. ರೊಚ್ಚಿಗೆದ್ದವರು ಒಡೆನ್ಸೆ ಪಟ್ಟಣದ ಇಗರ್ಜಿಯೊಳಗೇ, ದೇವರ ಪೀಠದೆದುರೇ ಅವನನ್ನು ಕೊಂದರು. ಬಿಟ್ಟು ಓಡದ ತಮ್ಮ ಬೆನೆಡಿಕ್ಟನೂ ಜೊತೆಗೇ ಸತ್ತ. ಆಮೇಲೆ ಪಟ್ಟವೇರಿದ ಇನ್ನೊಬ್ಬ ತಮ್ಮನ ಕಾಲವಿಡೀ ಬರಗಾಲ. ಜನ ಅವನನ್ನು ‘ಹಸಿವಿನ ಓಲಾಫ’ ಎಂದು ಕರೆದು, ಬರ ಕೊಲೆಯ ಪಾಪದ ಫಲವೆಂದು ಹೆದರಿ, ತಾವೇ ಕೊಂದವನನ್ನು ಸಂತನೆಂದರು. ಜನವೆಂದರೆ ಹಾಗೆಯೇ ಅಲ್ಲವೆ? ಅರಸನ ಎಲುಬುಗಳು ಇಂದಿಗೂ ಒಡೆನ್ಸೆಯ ಇಗರ್ಜಿಯ ನೆಲಮಾಳಿಗೆಯಲ್ಲಿವೆ. ಅವುಗಳ ಮುಂದೆ ಒಮ್ಮೆ ನಿಲ್ಲಬೇಕು ಎನ್ನುವುದೊಂದೇ ಕ್ಯಾನ್ಯೂಟನ ಆಸೆ.

ಅದು ಒಮ್ಮೆ ಕೈಗೆಟುಕಿತ್ತು ಕೂಡ. ಸರಕಿನ ಹಡಗಿನಲ್ಲಿ ಆತ ಮುಖ್ಯ ಅಡುಗೆಯವ, ಊರ ಹತ್ತಿರದ ತೊಕ್ಕೊಟ್ಟಿನ ಅಬೂಬಕ್ಕರ್ ಅವನ ಸಹಾಯಕ. ಹಡಗು ಒಡೆನ್ಸೆ ಬಂದರಿಗೆ ಬಂದು ನಿಂತಿತು. ಅಡುಗೆಕೋಣೆ ಖಾಲಿ ಬಿಡುವಂತಿಲ್ಲ, ಇಬ್ಬರಲ್ಲಿ ಒಬ್ಬರೇ ದಡಕ್ಕಿಳಿಯಬಹುದು. ಕ್ಯಾನ್ಯೂಟ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟಿದ್ದ. ಅಬೂಬಕ್ಕರನ ಹೆಂಡತಿಗೆ ಊರಲ್ಲಿ ದಿನ ತುಂಬಿತ್ತು. ದಡದ ಬೂತಿನಿಂದಲ್ಲದೆ ಫೋನು ಮಾಡುವ ದಾರಿಯಿರಲಿಲ್ಲ. ಆದರೂ ಅವನು ತಾನು ಹೋಗುತ್ತೇನೆಂದು ಕೇಳದೆ ನೀರುಳ್ಳಿ ಹೆಚ್ಚುತ್ತಿದ್ದ.

“ಹೋಗು ಮಾರಾಯ, ಫೋನ್ ಮಾಡಿ ಬಾ,” ಎಂದ ಕ್ಯಾನ್ಯೂಟ್, ಅಂಗಿ ಬಿಚ್ಚುತ್ತ. “ಅರಸ ಎಲ್ಲಿಗೆ ಓಡ್ತಾನೆ? ನಾನು ಮುಂದಿನ ಸಲ ನೋಡ್ತೇನೆ.”

ಮುಂದಿನ ಸಲ ಬರಲೇ ಇಲ್ಲ. ಹಡಗು ಬೇರೆಯವರಿಗೆ ಮಾರಿಹೋಯಿತು. ಅಂದು ಹುಟ್ಟಿದ ಅಬೂಬಕ್ಕರನ ಮಗಳು ರುಮೈಸಾ ಕ್ಯಾನ್ಯೂಟ್ ಅಂಕಲನ ಕತೆ ಕೇಳುತ್ತಲೇ ಬೆಳೆದು, ಓದಲಿಕ್ಕೆ ಹುಡುಕಿ ಹುಡುಕಿ ಡೆನ್ಮಾರ್ಕಿಗೇ ಹೋದಳು. “ಅಂಕಲ್, ಬನ್ನಿ, ನಾನು ಕರ್ಕೊಂಡು ಹೋಗ್ತೇನೆ,” ಎಂದು ಕರೆದಳು. ಕ್ಯಾನ್ಯೂಟ್ ಪಾಸ್‌ಪೋರ್ಟ್ ಹೊಸತು ಮಾಡಿಸಿದ. ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಗ್ಲಾಕೋಮ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಕಾಣದ ಕಣ್ಣು ಹೊತ್ತು ಹೋಗಿ ಮಾಡುವುದೇನು ಎಂದು ಆತ ಆ ಮಾತನ್ನೇ ನಿಲ್ಲಿಸಿದ.

ಈ ವರ್ಷದ ಜನವರಿ ಹತ್ತೊಂಬತ್ತರ ಸಂಜೆ ಎಂದಿನಂತೆ ಹಬ್ಬದ ಸಣ್ಣ ಊಟ. ಹೆಂಡತಿ ಕ್ರಿಸ್ಟಿನ್ ಇಡ್ಲಿಯಂಥ ಮೆತ್ತನೆಯ ಸಾನ್ನ ಬೇಯಿಸಿದ್ದಳು. ಅಬೂಬಕ್ಕರ್ ತೊಕ್ಕೊಟ್ಟಿನಿಂದ ಬಂದವನು, ವಿಡಿಯೊ ಕರೆ ಮಾಡಿ ಫೋನನ್ನು ಗೆಳೆಯನ ಮುಖದೆದುರು ಹಿಡಿದ. ರುಮೈಸಾ ಒಡೆನ್ಸೆಯ ಇಗರ್ಜಿಯ ನೆಲಮಾಳಿಗೆಯಲ್ಲಿ ನಿಂತಿದ್ದಳು.

“ಅಂಕಲ್, ಕಾಣ್ತದಾ?”

ಕ್ಯಾನ್ಯೂಟನಿಗೆ ಕಂಡದ್ದು ಮಸುಕಾದೊಂದು ಬೆಳಕು. “ಎಂತ ಉಂಟು ಹೇಳು ಮಗಾ.”

“ಗಾಜಿನೊಳಗೆ ಎಲುಬು ಉಂಟು. ತಲೆಬುರುಡೆ ಉಂಟು. ಹತ್ತಿರದಲ್ಲೇ ಇನ್ನೊಂದು ಪೆಟ್ಟಿಗೆ.”

“ಅದು ತಮ್ಮ ಇರ್ಬೇಕು,” ಎಂದ ಕ್ಯಾನ್ಯೂಟ್. ಅವನ ಕೈ ಅಬೂಬಕ್ಕರನ ಮೊಣಕೈಯನ್ನು ತಡಕಿ ಹಿಡಿದುಕೊಂಡಿತು.

“ಅರಸನಿಗೆ ಎಂತ ಹೇಳ್ಲಿ, ಅಂಕಲ್?”

ಅರಸನ ಮುಂದೆ ನಿಂತಾಗ ಹೇಳಬೇಕೆಂದು ಜೀವಮಾನವಿಡೀ ಕೂಡಿಟ್ಟ ಮಾತುಗಳಿದ್ದವು. ಕ್ಯಾನ್ಯೂಟ್ ಅವನ್ನೆಲ್ಲ ಬದಿಗಿಟ್ಟ.

“ಕುಲಶೇಖರದ ಕ್ಯಾನ್ಯೂಟ್ ಬಂದಿದ್ದ ಅಂತ ಹೇಳು,” ಎಂದ. “ಬಂದರಿನವರೆಗೆ ಬಂದಿದ್ದ.”

ರುಮೈಸಾ ಗಾಜಿನ ಕಡೆ ತಿರುಗಿ ಕನ್ನಡದಲ್ಲೇ ಅದನ್ನು ಹೇಳಿದಳು. ಅಬೂಬಕ್ಕರ್ ಫೋನನ್ನು ಗೆಳೆಯನ ಕಿವಿಯ ಹತ್ತಿರಕ್ಕೆ ಹಿಡಿದ.