ಮಗುಚುವ ಮೊದಲೇ ಹೋಳಿಗೆ

ಮನೆಗೆ ಯಾರಾದರೂ ಬಂದರೆ 'ಬನ್ನಿ, ಕೂತ್ಕೊಳ್ಳಿ' ಎನ್ನುವ ಮೊದಲು ನಾನು ಗೋಡೆಯ ಗಡಿಯಾರ ನೋಡುತ್ತೇನೆ. ಇದನ್ನು ಬೀಗರು ಸೊಕ್ಕು ಎಂದುಕೊಂಡಿದ್ದಾರೆ, ನೆಂಟರು ಜಿಪುಣತನ ಎಂದುಕೊಂಡಿದ್ದಾರೆ. ನಿಮಗೆ ನಿಜ ಹೇಳಿಬಿಡುತ್ತೇನೆ, ಎರಡೂ ಅಲ್ಲ. ಗುಂಡ್ಲುಪೇಟೆ ಬಸ್ ನಿಲ್ದಾಣದ ಕಂಟ್ರೋಲರ್ ಕೊಠಡಿಯ ಕಿಟಕಿಯ ಹಿಂದೆ ಕೂತು ತಲೆ ನರೆಸಿಕೊಂಡವನು ನಾನು. ಊಟಿಯ ಬಸ್ಸಾಗಲಿ, ಬತ್ತೇರಿಯ ಬಸ್ಸಾಗಲಿ, ಚಾಮರಾಜನಗರದ ಬಸ್ಸಾಗಲಿ, ಬಂದದ್ದರ ಗಂಟೆ ಮೊದಲು ನೋಡಬೇಕು, ಚಾಲಕನ ಮುಖ ಆಮೇಲೆ. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರು. ಕುರ್ಚಿ, ಕಿಟಕಿ ಎರಡನ್ನೂ ಅಲ್ಲೇ ಬಿಟ್ಟು ಬಂದೆ. ಈ ಚಾಳಿ ಮಾತ್ರ ನನ್ನ ಜೊತೆ ಮನೆಗೆ ಬಂತು. ಒಂದು ವಿಸಿಲ್ಲೂ ಬಂತು.

ನಮ್ಮ ವೃತ್ತಿಯಲ್ಲಿ ಒಂದು ಧರ್ಮವಿದೆ. ತಡವಾಗಿ ಬಂದ ಬಸ್ಸನ್ನು ಕ್ಷಮಿಸಬಹುದು. ಟೈರು ಪಂಕ್ಚರ್ ಆಗಿರುತ್ತದೆ, ಸಂತೆಯ ದಿನ ಜನ ಹೆಚ್ಚಿರುತ್ತಾರೆ. ಆದರೆ ಹೊತ್ತಿಗೆ ಮುಂಚೆ ಬಂದು ಮುಂಚೆ ಹೊರಟುಹೋಗುವ ಬಸ್ಸಿಗೆ ಕ್ಷಮೆಯಿಲ್ಲ. ಅದು ಕೈಚೀಲ ಹಿಡಿದು ಓಡಿಬರುವ ಮುದುಕಿಗೆ ಮಾಡುವ ಮೋಸ. ಹೀಗೆ ಮುಂಚೆ ಬಂದ ಎಷ್ಟೋ ಚಾಲಕರನ್ನು ಕಿಟಕಿಯ ಮುಂದೆ ನಿಲ್ಲಿಸಿ ಲಿಖಿತ ವಿವರಣೆ ಕೇಳಿದವನ ಮನೆಯಲ್ಲಿ ಮೊಮ್ಮಗಳು ಎರಡು ತಿಂಗಳು ಮುಂಚಿತವಾಗಿ ಬಂದಳು. ಯಾರ ವಿವರಣೆ ಕೇಳುವುದು? ಚಾಮರಾಜನಗರದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನನ್ನ ಅಂಗೈಯಷ್ಟಿದ್ದಳು. ಮೂಗಿಗೆ ಒಂದು ನಳಿಗೆ, ಕಾಲಿಗೆ ಒಂದು ತಂತಿ. ಕಣ್ಣು ಮುಚ್ಚಿಕೊಂಡೇ ಹುಬ್ಬು ಗಂಟಿಕ್ಕಿದ್ದಳು, ನಾವೆಲ್ಲ ತಡವಾಗಿ ಬಂದಿದ್ದೇವೆ ಎನ್ನುವ ಹಾಗೆ.

ಹೆಸರು ಚಿನ್ಮಯಿ, ಕರೆಯುವುದು ಚಿನ್ನಿ. ಚಿನ್ನಿಯ ತಾಯಿ, ನನ್ನ ಸೊಸೆ ರೂಪ, ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ಗುಮಾಸ್ತೆ. ಹೆರಿಗೆಗೆ ಮುಂಚೆಯೇ ಡಾಕ್ಟರು 'ಹಾಸಿಗೆ ಬಿಟ್ಟು ಏಳಬೇಡಿ' ಎಂದಿದ್ದರಿಂದ ರಜೆಯ ಬಹುಭಾಗ ಆಗಲೇ ಖರ್ಚಾಗಿತ್ತು. ಆಸ್ಪತ್ರೆ ಮುಗಿದು, ತವರಿನ ಬಾಣಂತನ ಮುಗಿದು, ಕೂಸು ಗುಂಡ್ಲುಪೇಟೆಗೆ ಬರುವ ಹೊತ್ತಿಗೆ ಉಳಿದ ರಜೆಯೂ ತೀರಿತು. ನನ್ನ ಹೆಂಡತಿ ಇಲ್ಲ. ಬೀಗಿತ್ತಿಗೆ ಹಾಸಿಗೆ ಹಿಡಿದ ಅತ್ತೆಯ ಆರೈಕೆ. ಹಾಗಾದರೆ ಕೂಸಿನ ಬಳಿ ಯಾರು ಎಂದು ನಾನು ಯೋಚಿಸುತ್ತಿರುವಾಗಲೇ ನನ್ನ ಮಗ ಶಿವು ಊಟಕ್ಕೆ ಕೂತವನು ಮುದ್ದೆ ಮುರಿಯುತ್ತ, ಬೈಕ್ ಶೋರೂಮಿನ ಕೆಲಸ ಬಿಟ್ಟು ಬಂದೆ ಎಂದ. ರೂಪಳದ್ದು ಕಾಯಂ ಕೆಲಸ, ನನ್ನದು ಅಲ್ಲ, ಇದರಲ್ಲಿ ಯೋಚಿಸುವುದೇನಿದೆ ಎಂದ. ನಾನು ಗಾಬರಿಯಾಗಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು, 'ಎಷ್ಟೊತ್ತಿಂದ ಎಷ್ಟೊತ್ತಿನ ತನಕ ಡ್ಯೂಟಿ?'

ಮಾರನೆಯ ದಿನವೇ ಅಡುಗೆಮನೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಹಾಲು, ನಿದ್ದೆ, ಬಟ್ಟೆ ಬದಲಾವಣೆ, ಬಿಸಿಲು ಕಾಯುವುದು, ಎಲ್ಲಕ್ಕೂ ಹೊತ್ತು. ರೂಪ ಬೆಳಿಗ್ಗೆ ಹಿಂಡಿಟ್ಟು ಹೋದ ಎದೆಹಾಲನ್ನು ಶಿವು ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸುತ್ತಿದ್ದ. ಕೂಸು ನನ್ನ ವೇಳಾಪಟ್ಟಿಯ ಒಂದು ಸಾಲನ್ನೂ ಪಾಲಿಸಲಿಲ್ಲ. ಹಾಲಿನ ಹೊತ್ತಿಗೆ ನಿದ್ದೆ, ನಿದ್ದೆಯ ಹೊತ್ತಿಗೆ ಕಿರುಚಾಟ. ನಾನು ಆಕ್ಷೇಪಣೆ ಎತ್ತಿದಾಗ ಶಿವು ನಕ್ಕ.

'ಅಪ್ಪಾಜಿ, ಇವ್ಳು ರೂಟ್ ಬಸ್ಸಲ್ಲ, ಮದ್ವ ಬಸ್ಸು. ಯಾವಾಗ ಹೊರಡ್ತದ ಅಂತ ಡ್ರೈವರ್‌ಗೂ ಗೊತ್ತಿರದಿಲ್ಲ.'

ಕೂಸನ್ನು ಎದೆಗೆ ಕಟ್ಟಿಕೊಂಡು, ಮೈಗೆ ಮೈ ತಾಗುವಂತೆ ಇಟ್ಟುಕೊಳ್ಳಬೇಕು, ಅದರಿಂದ ತೂಕ ಏರುತ್ತದೆ ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಆ ಪದ್ಧತಿಗೆ ಕಾಂಗರೂ ಎಂದು ಹೆಸರಂತೆ. ಬಂಡೀಪುರದ ರಸ್ತೆಯಲ್ಲಿ ಓಡಾಡಿದ ನಮಗೆ ಇದೊಂದು ಸೋಜಿಗ. ಒಂದು ಮಾತಿಗೆ ಆಸ್ಟ್ರೇಲಿಯದ ತನಕ ಯಾಕೆ ಹೋಗಬೇಕು? ನಮ್ಮ ಮುಸುವ ಹೊಟ್ಟೆಗೆ ಮರಿ ಕಚ್ಚಿಸಿಕೊಂಡು ಮರದಿಂದ ಮರಕ್ಕೆ ಹಾರುವುದನ್ನು ನಾವು ಬಸ್ಸಿನ ಕಿಟಕಿಯಲ್ಲೇ ನೋಡಿದ್ದೇವೆ. ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ ಮುಸುವನ ಪದ್ಧತಿ ಎಂದೇ ಹೆಸರು. ಶಿವು ಅದಕ್ಕೆ ನನ್ನ ಹಳೆಯ ಪಂಚೆಗಳನ್ನು ಆರಿಸಿಕೊಂಡ. ಹೊಸದು ಕೊಡುತ್ತೇನೆಂದರೂ ಕೇಳಲಿಲ್ಲ. ತೊಳೆದೂ ತೊಳೆದೂ ಬೆಣ್ಣೆಯಾದ ಬಟ್ಟೆಯೇ ಬೇಕಂತೆ. ನನ್ನ ಮರ್ಯಾದೆಯನ್ನು ಅಷ್ಟು ವರ್ಷ ಕಾಪಾಡಿದ ಪಂಚೆ ಕೊನೆಗಾಲಕ್ಕೆ ಬಡ್ತಿ ಪಡೆಯಿತು.

ಎದೆಯಲ್ಲಿ ಕೂಸು ಕಟ್ಟಿಕೊಂಡು ಗಂಡಸೊಬ್ಬ ಸೊಪ್ಪು ತರಲು ಬೀದಿಗಿಳಿದರೆ ನಮ್ಮೂರಿಗೆ ಅದು ಹಬ್ಬ. ಟೀ ಅಂಗಡಿಯಿಂದ ಅವನ ಗೆಳೆಯ ಮಾದೇಶ ಕೂಗಿದ್ದು ಮನೆಯ ಜಗಲಿಯಲ್ಲಿದ್ದ ನನಗೂ ಕೇಳಿತು.

'ಯಾನ್ಲಾ ಸಿವು, ಬಾಣಂತನ ಚೆಂದಾಗ್ ನಡೀತಿದ್ದದಾ? ಅರಿಸಿನ ಗಿರಿಸಿನ ಹಚ್ಕತಿದ್ದಯಾ?'

'ಹಚ್ಕತಿವ್ನಿ ಕಣ್ಲಾ. ಒಸಿ ಮಿಕ್ಕದ, ಬಾ, ನಿನ್ ಮೂತಿಗೂ ಬಳ್ದು ಬುಡ್ತೀನಿ.'

ನಗೆಯ ಮಾತು ನಗೆಯಲ್ಲೇ ಹೋಗುತ್ತಿತ್ತು. ಹೋಗದೆ ನಿಂತದ್ದು ಇನ್ನೊಂದು ಮಾತು. ನಮ್ಮ ಮನೆತನದಲ್ಲಿ ಕೂಸು ಮೊದಲ ಸಲ ಮಗುಚಿಕೊಂಡಾಗ, ಎಂದರೆ ಅಂಗಾತ ಮಲಗಿದ್ದು ತಾನಾಗಿ ಬೋರಲು ತಿರುಗಿದಾಗ, ಹೋಳಿಗೆ ಮಾಡಿ ಬೀದಿಗೆಲ್ಲ ಹಂಚುವುದು ಸಂಪ್ರದಾಯ. ಹಂಗಳದಲ್ಲಿರುವ ನನ್ನ ಅಕ್ಕ ದೇವೀರಮ್ಮ ಈ ಇಲಾಖೆಯ ಮುಖ್ಯಸ್ಥೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ: 'ಕೂಸು ಮಗುಚ್ಕತಾ?' ಇಲ್ಲ ಎಂದರೆ ಚಪ್ಪಲಿ ಬಿಟ್ಟು ನಿಟ್ಟುಸಿರು ಬಿಡುತ್ತಿದ್ದಳು.

ಪಕ್ಕದ ಮನೆಯ ದರ್ಜಿಯ ಹೆಂಡತಿ ರಜಿಯಾಳಿಗೂ ಚಿನ್ನಿ ಹುಟ್ಟಿದ ವಾರವೇ ಮೊಮ್ಮಗ ಹುಟ್ಟಿದ್ದ, ಪೂರ್ತಿ ತಿಂಗಳು ತುಂಬಿ. ಒಂದು ಬೆಳಿಗ್ಗೆ ಅವಳು ಕಾಂಪೌಂಡಿನ ಮೇಲಿಂದ, 'ಅಣ್ಣಾ, ನಮ್ ಪಾಪು ಪಲ್ಟಿ ಹೊಡ್ದ!' ಎಂದು ಕೂಗಿದಾಗ ನಾನು ಗಾಬರಿಯಿಂದ ಅತ್ತ ಓಡಿದೆ. ಪಲ್ಟಿ ಎಂಬ ಮಾತನ್ನು ನಮ್ಮ ವೃತ್ತಿಯಲ್ಲಿ ಯಾರೂ ಸಂತೋಷದಿಂದ ಹೇಳುವುದಿಲ್ಲ. ಆಮೇಲೆ ಸುಧಾರಿಸಿಕೊಂಡು ನಕ್ಕೆ. ಆದರೆ ಆ ದಿನದಿಂದ ನಮ್ಮ ಮನೆಯ ಚಾಪೆಯ ಮೇಲೆ ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದ ಚಿನ್ನಿಯನ್ನು ಎಲ್ಲರೂ ಬೇರೆ ಕಣ್ಣಿಂದ ನೋಡತೊಡಗಿದರು. ಅಕ್ಕ ಹೇಳಿಯೇಬಿಟ್ಟಳು: 'ಹೆಣ್ಣೆಂಗ್ಸಿನ ಕೈಲಿ ಬೆಳುದ್ರ ಬ್ಯಾರ. ಗಂಡಸು ಸಾಕುದ್ರ ಇಂಗೇಯ ಕಣಪ್ಪ.' ಶಿವು ಕೇಳಿಸದವನಂತೆ ಬಟ್ಟೆ ಹಿಂಡುತ್ತಿದ್ದ. ಸ್ವಲ್ಪ ಹೆಚ್ಚೇ ಹಿಂಡಿದ.

ಡಾಕ್ಟರು ಈ ವಿಷಯ ಮೊದಲೇ ಹೇಳಿದ್ದರು. ಮುಂಚೆ ಹುಟ್ಟಿದ ಕೂಸಿಗೆ ಎರಡು ವಯಸ್ಸು. ಹುಟ್ಟಿದ ದಿನದಿಂದ ಎಣಿಸುವುದು ಒಂದು. ಹುಟ್ಟಬೇಕಾಗಿದ್ದ ದಿನದಿಂದ ಎಣಿಸುವುದು ಇನ್ನೊಂದು. ಬೆಳವಣಿಗೆ ಅಳೆಯಬೇಕಾದ್ದು ಎರಡನೆಯದರಿಂದ. ಉಳಿದವರಿಗೆ ಇದು ಒಗಟಾಗಿ ಕಂಡಿತು. ನನಗೆ ಮಾತ್ರ ಒಂದೇ ಸಲಕ್ಕೆ ಅರ್ಥವಾಯಿತು. ಪ್ರತಿ ಬಸ್ಸಿಗೂ ನಿಗದಿಯಾದ ವೇಳೆ ಒಂದು, ಬಂದ ವೇಳೆ ಒಂದು ಇರುವುದಿಲ್ಲವೇ? ಅರ್ಥವಾದದ್ದೇ ಅನರ್ಥಕ್ಕೆ ಕಾರಣವಾಯಿತು. ಹುಟ್ಟಬೇಕಾಗಿದ್ದ ದಿನ ಹಿಡಿದೆ, ಶಿವು ಎಷ್ಟು ತಿಂಗಳಿಗೆ ಮಗುಚಿದ್ದ ಎಂದು ಅಕ್ಕನನ್ನು ಕೇಳಿ ಅದನ್ನು ಕೂಡಿದೆ. ಲೆಕ್ಕಕ್ಕೆ ಸೋಮವಾರ ಬಂತು. ಶಿವನ ವಾರ, ಇನ್ನೇನು ಬೇಕು! 'ಸೋಮವಾರ ಮಗುಚ್ತಾಳ, ಹೋಳಿಗೆಗೆ ತಯಾರಿ ಮಾಡ್ಕೊ' ಎಂದು ಅಕ್ಕನಿಗೆ ಫೋನು ಮಾಡಿದೆ. ಬಸ್ಸು ಬರುತ್ತದೆಂದು ಮೈಕಿನಲ್ಲಿ ಹೇಳುವಷ್ಟೇ ಧೈರ್ಯದಿಂದ.

ಸೋಮವಾರ ಅಕ್ಕ ಮೊದಲ ಬಸ್ಸಿಗೆ ಬೇಳೆ ಬೆಲ್ಲದ ಚೀಲ ಹೊತ್ತು ಬಂದಿಳಿದಳು. ರೂಪ ಆಗಲೇ ಬಂಡೀಪುರಕ್ಕೆ ಹೊರಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಹೂರಣದ ವಾಸನೆ ಬೀದಿಗೆ ಹರಡಿತು, ವಾಸನೆಯ ಹಿಂದೆ ಜನ ಬಂದರು. ಚಾಪೆಯ ಸುತ್ತ ರಜಿಯಾ, ಮಾದೇಶನ ತಾಯಿ, ಎದುರು ಮನೆಯವರು. ನಡುವೆ ಚಿನ್ನಿ, ಅಂಗಾತ. ಎಲ್ಲರನ್ನೂ ನೋಡಿ ನಕ್ಕಳು. ಕಾಲು ಎತ್ತಿ ಹೆಬ್ಬೆರಳು ನೋಡಿಕೊಂಡಳು. ತಿರುಗುವ ಯಾವ ಯೋಚನೆಯೂ ಇರಲಿಲ್ಲ.

'ಅಯ್ಯೋ, ಬ್ಯಾಳ ಬೆಂದೋಗದ ಕಣವ್ವ, ಮಗುಚ್ಕೊ!' ಎಂದು ಅಕ್ಕ ಸೌಟು ಹಿಡಿದೇ ಬೇಡಿಕೊಂಡಳು.

ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ಪೆನ್ನು ಹಿಂಜರಿಯುತ್ತದೆ. ಒಳಗೆ ಹೋಗಿ ವಿಸಿಲ್ ತಂದೆ. ಮಲಗಿದ್ದ ಕಂಡಕ್ಟರುಗಳೆಲ್ಲ ಅದಕ್ಕೆ ಎದ್ದಿದ್ದಾರೆ. ಮೆಲ್ಲಗೇ ಊದಿದೆ ಎಂದು ನನ್ನ ನಂಬಿಕೆ. ಚಿನ್ನಿ ಬೆಚ್ಚಿ, ಮುಖ ಕೆಂಪಗಾಗಿ, ಉಸಿರು ಕಟ್ಟುವಂತೆ ಅತ್ತಳು.

'ಸಾಕು ಅಪ್ಪಾಜಿ,' ಎಂದ ಶಿವು. ಕೂಸನ್ನು ಎತ್ತಿ ಎದೆಗೆ ಕಟ್ಟಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಬೇಯಿಸಿದ ಬೇಳೆಯನ್ನು ಅಕ್ಕ ಎಸೆಯುವವಳಲ್ಲ. ಹೋಳಿಗೆ ಆಯಿತು, ಹಂಚಿದ್ದೂ ಆಯಿತು. ರಜಿಯಾ ತಟ್ಟೆ ತೆಗೆದುಕೊಳ್ಳುತ್ತ, 'ಏನಣ್ಣಾ, ಅಡ್ವಾನ್ಸ್ ಬುಕಿಂಗಾ?' ಎಂದಳು. ಬೀದಿ ಇಡೀ ನಕ್ಕಿತು. ನಾನೂ ನಕ್ಕೆ, ಕೈಯಲ್ಲಿದ್ದ ಹೋಳಿಗೆಯನ್ನು ಮಾತ್ರ ತಟ್ಟೆಗೆ ವಾಪಸು ಇಟ್ಟೆ.

ಸಂಜೆ ಅಕ್ಕ ಹೊರಟ ಮೇಲೆ ಶಿವು ಹೊರಗೆ ಬಂದು ಜಗಲಿಯಲ್ಲಿ ನನ್ನ ಪಕ್ಕ ಕೂತ. ಕೂಸು ಎದೆಯ ಮೇಲೆ ನಿದ್ದೆ ಹೋಗಿತ್ತು.

'ನಂಗೂ ಹೆದ್ರಿಕ ಅದ ಅಪ್ಪಾಜಿ,' ಎಂದ. 'ಮಗುಚ್ದೇನೆ ಇದ್ಬುಟ್ರ ಅಂತ ದಿನಾ ಅನ್ನುಸ್ತದ. ಕೆಲ್ಸ ಬುಟ್ಟು ಕೂತಿವ್ನಿ. ನಾಳ ಕೂಸ್ಗ ಏನಾರ ಕೊರತ ಆಯ್ತು ಅಂದ್ರ ಎಲ್ರೂ ನನ್ನೇ ತಾನೇ ನೋಡದು?'

ಅಲ್ಲಿಯ ತನಕ ಅವನು ಹೆದರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಬೀದಿಗೆಲ್ಲ ಅಷ್ಟು ಚುರುಕಾಗಿ ಉತ್ತರ ಕೊಡುವವನಲ್ಲವೇ. ನಾನು ಆನೆಯ ವಿಷಯ ತೆಗೆದೆ. ಊಟಿಯಿಂದ ಬರುವ ಬಸ್ಸು ತಡವಾದಾಗಲೆಲ್ಲ ಚಾಲಕರು ಆನೆ ಎನ್ನುತ್ತಿದ್ದರು. ಅರ್ಧ ಸುಳ್ಳಿರುತ್ತಿತ್ತು. ನಾನೇ ಒಮ್ಮೆ ಅಂಥ ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದೆ. ಒಂದು ಹಿಂಡು ರಸ್ತೆ ದಾಟುತ್ತಿತ್ತು. ದೊಡ್ಡ ಆನೆಗಳಿಗೆ ನಾಲ್ಕು ಹೆಜ್ಜೆಯ ಕೆಲಸ. ಆದರೆ ನಡುವೆ ಒಂದು ಮರಿಯಿತ್ತು, ಅದಕ್ಕೆ ರಸ್ತೆಯ ಬಿಳಿಗೆರೆಯನ್ನು ಸೊಂಡಿಲಲ್ಲಿ ಮುಟ್ಟಿನೋಡಬೇಕಿತ್ತು. ಅದು ನೋಡಿ ಮುಗಿಸುವ ತನಕ ಇಡೀ ಹಿಂಡು ನಿಂತಿತು. ಹಿಂಡಿನ ಜೊತೆ ಎರಡೂ ಕಡೆಯ ಲಾರಿ, ಕಾರು, ಬಸ್ಸು ನಿಂತವು. ನನ್ನ ಜೇಬಿನಲ್ಲಿ ವಿಸಿಲ್ ಇತ್ತು, ತೆಗೆಯುವ ಬುದ್ಧಿ ಬರಲಿಲ್ಲ.

'ಆನ ಮುಂದ ಇದ್ದ ಬುದ್ಧಿ ಮೊಮ್ಮಗ್ಳ ಮುಂದ ಇರ್ಲಿಲ್ವಲ್ಲ,' ಎಂದ ಮಗ. ಅವನು ನಕ್ಕಿದ್ದು ನೋಡಿ ನನಗೆ ಜೀವ ಬಂತು. ಒಳಗೆ ಹೋಗಿ ಗೋಡೆಯ ವೇಳಾಪಟ್ಟಿ ಕಿತ್ತು ಒಲೆಗೆ ಹಾಕಿದೆ. ವಿಸಿಲ್ಲನ್ನು ಅಕ್ಕಿ ಡಬ್ಬದ ತಳಕ್ಕೆ ಇಳಿಸಿದೆ.

ಆಮೇಲೆ ಎಷ್ಟು ದಿನವಾಯಿತೋ ಎಣಿಸಲಿಲ್ಲ. ಒಂದು ಮಧ್ಯಾಹ್ನ ನಾನು ಚಿನ್ನಿಯ ಬಟ್ಟೆಗಳನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದೆ. ಶಿವು ಒಳಲೆ ತೊಳೆದು ತಂದು ಚಾಪೆಯ ಪಕ್ಕ ಕೂತಿದ್ದ. ಚಿನ್ನಿ ಒಂದು ಕಾಲನ್ನು ಆಚೆ ಎಸೆದಳು. ಸೊಂಟ ಅದರ ಹಿಂದೆ ಹೋಯಿತು. ತಲೆ ಭಾರ, ಒಂದು ಕೈ ಹೊಟ್ಟೆಯ ಕೆಳಗೆ ಸಿಕ್ಕಿಬಿದ್ದಿದೆ. ನಾನು ಎಳೆಯಲು ಹೋದೆ, ಶಿವು ತಡೆದ. ಅವಳು ಮುಕ್ಕಿದಳು, ಮುಲುಕಿದಳು, ಕೈ ಈಚೆಗೆ ಬಂತು. ಬೋರಲಾಗಿ ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದಳು. ಲೋಕ ತಲೆಕೆಳಗಾದದ್ದು ನಮ್ಮದೇ ತಪ್ಪು ಎನ್ನುವ ನೋಟ. ಶಿವು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

ನಾನು ಬಾಗಿಲಿಗೆ ಓಡಿದೆ. ಮೊದಲು ರಜಿಯಾ, ಆಮೇಲೆ ಟೀ ಅಂಗಡಿ, ಆಮೇಲೆ ಹಂಗಳಕ್ಕೆ ಫೋನು. ಶಿವು ನನ್ನ ತೋಳು ಹಿಡಿದ.

'ಯಾರ್ಗೂ ಹೇಳ್ಬ್ಯಾಡಿ ಅಪ್ಪಾಜಿ. ರೂಪ ನೋಡ್ಲಿ.'

'ಅಲ್ಲ ಕಣ್ಲಾ, ಊರೆಲ್ಲ ನಿನ್ನ ಆಡ್ಕತಿತ್ತಲ್ಲ!'

'ಆಡ್ಕಳ್ಳಿ ಬುಡಿ. ಹಾಲ್ ಹಿಂಡಿಟ್ಟು ದಿನಾ ಬಸ್ ಹತ್ತೋಳು ಅವ್ಳು. ಅವ್ಳು ನೋಡ್ದಾಗ್ಲೇ ಮೊದಲ್ನೇ ಸಲ.'

ಹೋದ ಬಂದ ಬಸ್ಸನ್ನೆಲ್ಲ ಇದ್ದದ್ದು ಇದ್ದ ಹಾಗೆ ಸಾರಿದ ಬಾಯಿಗೆ ಬೀಗ ಹಾಕುವುದು ಸುಲಭವಲ್ಲ. ಸಂಜೆ ಅಕ್ಕನ ಫೋನು ಬಂತು, 'ಮಗುಚ್ಕತಾ?' 'ಇಲ್ಲ' ಎಂದೆ. ಆ ಕಡೆ ನಿಟ್ಟುಸಿರು. ರೂಪ ಬಂದಾಗ ಚಿನ್ನಿಗೆ ನಿದ್ದೆ. ಎದ್ದ ಮೇಲೂ ತಾಯಿಯ ಮಡಿಲು ಬಿಡಲಿಲ್ಲ. ನಾನು ಊಟಕ್ಕೆ ಕೂತು ಸಾರು ಕೇಳುವುದಕ್ಕೂ ಬಾಯಿ ತೆರೆಯಲಿಲ್ಲ. ತೆರೆದರೆ ಏನು ಹೊರಬೀಳುತ್ತದೋ ಎಂಬ ಭಯ.

ಮಾರನೆಯ ಬೆಳಿಗ್ಗೆ ರೂಪ ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ಒಂದು ಚಪ್ಪಲಿ ಹಾಕಿಕೊಂಡು, ಕೂಸಿನ ಕಡೆ ತಿರುಗಿ 'ಬರ್ತೀನಿ ಕಂದ' ಎಂದಳು. ಚಿನ್ನಿ ಕಾಲೆಸೆದಳು. ಸೊಂಟ, ತಲೆ, ಸಿಕ್ಕಿಬಿದ್ದ ಕೈ, ಎಲ್ಲ ಮತ್ತೆ ಮೊದಲಿಂದ. ಕೈ ಈಚೆಗೆ ಬಂದು ಕೂಸು ತಲೆಯೆತ್ತಿದಾಗ ರೂಪ ನಿಂತಲ್ಲೇ ಕೂತುಬಿಟ್ಟಳು, ಒಂದೇ ಚಪ್ಪಲಿಯಲ್ಲಿ.

'ಅಯ್ಯೋ! ಮಗುಚ್ಬುಟ್ಳು!' ಎಂದು ಶಿವು ಹಣೆಗೆ ಕೈ ಹಚ್ಚಿದ. ಅಷ್ಟು ಕೆಟ್ಟ ನಟನೆಯನ್ನು ನಾನು ಊರ ನಾಟಕದಲ್ಲೂ ನೋಡಿಲ್ಲ. ರೂಪ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು.

'ಅದಕ್ಕೇನಾ ಮಾವ, ನೆನ್ನೆಯಿಂದ ನೀವು ಮಾತೇ ಆಡ್ಲಿಲ್ಲ?' ಎಂದಳು. ನಗುವುದೋ ಅಳುವುದೋ ಎಂದು ತೀರ್ಮಾನವಾಗದ ದನಿ. ಚಾಪೆಯ ಮೇಲೆ ತಾನೂ ಬೋರಲು ಮಲಗಿ ಮಗಳ ಮೂಗಿಗೆ ಮೂಗು ತಾಗಿಸಿದಳು.

ಆ ಕಡೆ ಮುಖ್ಯರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ರೂಪ ದಿಗ್ಗನೆ ತಲೆ ಎತ್ತಿದಳು.

'ಮಾವ, ನನ್ ಬಸ್ಸು!'

'ಓಗ್ಲಿ ಬುಡವ್ವ. ಇನ್ನೊಂದು ಬತ್ತದ.'

ನಿಲ್ದಾಣದ ಕಿಟಕಿಯಿಂದ ಈ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ನನಗೆ ಹಿಡಿಶಾಪ ಹಾಕಿಯೇ ಹೋದವರು. ಕೇಳಿ ನಕ್ಕವಳು ರೂಪ ಒಬ್ಬಳೇ.