ಕೇಳಿ ಬಡಿಸಿದವರು

ಭೋಜನಶಾಲೆಗಳ ಲೋಕದಲ್ಲಿ ಕೀರ್ತಿ ಒಲೆಯ ಬಳಿಯಲ್ಲೇ ನಿಂತುಬಿಡುತ್ತದೆ. ಪತ್ರಿಕೆಗಳು ಬರೆಯುವುದು ಅಡುಗೆಯವರ ಬಗ್ಗೆ. ಅತಿಥಿಗಳು ಮನೆಗೆ ಹೋಗಿ ನೆನೆಯುವುದು ತಿಂದ ಪದಾರ್ಥವನ್ನು. ಅದನ್ನು ತಂದಿಟ್ಟವರು ಯಾರೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಮುಖವೂ ನೆನಪಿರುವುದಿಲ್ಲ. ಇಂಥ ಕ್ಷೇತ್ರದಲ್ಲಿ ಮೂವತ್ತೊಂದು ವರ್ಷ ದುಡಿದು, ಬಡಿಸುವುದೂ ಒಂದು ವಿದ್ಯೆಯೆಂದು ತಾವು ನಂಬಿ, ನಂಬದವರನ್ನೂ ನಂಬಿಸಿದ ನಮ್ಮ ಹೆಡ್ ವೇಟರ್, ಎಲ್ಲರ ಬಾಯಲ್ಲೂ ನಿಧಾನಯ್ಯನವರು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಇಟಾಲಿಯನ್ ರೆಸ್ಟೋರೆಂಟೊಂದು ತನ್ನ ವೇಟರ್‌ಗೆ ಅಭಿನಂದನ ಗ್ರಂಥ ಅರ್ಪಿಸುತ್ತಿರುವುದು ಕೆಲವರಿಗೆ ತಮಾಷೆಯಾಗಿ ಕಂಡಿದೆಯಂತೆ. ನಿಧಾನಯ್ಯನವರಿಗೂ ಹಾಗೇ ಕಂಡಿತು. "ನನ್ನ ಮೇಲೆ ಪುಸ್ತಕನಾ? ಮೆನು ಕಾರ್ಡಿನ ಹಿಂದೆ ನಾಲ್ಕು ಸಾಲು ಬರೆದ್ರೆ ಸಾಲದಾ?" ಎಂದು ಕೇಳಿದ್ದರು. ಸಾಲದು. ಈ ಲೇಖನವನ್ನು ಬರೆಯುತ್ತಿರುವವಳು ಅವರೊಂದಿಗೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಅಡುಗೆಯವಳು. ಅವಳಿಗೆ ಮೆನು ಕಾರ್ಡಿನ ಹಿಂಬದಿ ಸಾಲದು.

ಅವರು ಈ ಮನೆಗೆ ಬಂದದ್ದು ಮುಂಬಾಗಿಲಿನಿಂದಲ್ಲ, ಬಟ್ಟೆ ಮೂಟೆಗಳ ಬಾಗಿಲಿನಿಂದ. ಆಗ ಅವರಿಗೆ ಮೂವತ್ತಮೂರು. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸ; ವಾರಕ್ಕೆ ಮೂರು ಸಲ ಮೇಜುವಸ್ತ್ರಗಳನ್ನು ತಂದು ಕೊಡುತ್ತಿದ್ದರು. ಒಂದು ದಿನ ಊಟದ ಹಾಲ್ ದಾಟಿ ಹೋಗುವಾಗ ನಿಂತು, ಯಾರ ಅಪ್ಪಣೆಯನ್ನೂ ಕೇಳದೆ, ಆರು ಮೇಜುಗಳ ಬಟ್ಟೆಯನ್ನು ತೆಗೆದು ಮಗುಚಿ ಹಾಸಿದರಂತೆ. ಹಳೆಯ ಯಜಮಾನರು ಗದರಿಸಲು ಬಂದಾಗ, "ಹೊಲಿಗೆ ಮೇಲೆ ಬಂದಿತ್ತು ಸ್ವಾಮಿ. ಕೂತವರ ಕೈಗೆ ಒರಟಾಗುತ್ತೆ" ಎಂದರು. ಯಜಮಾನರು ಬೆರಳಾಡಿಸಿ ನೋಡಿದರು. ಮರುವಾರವೇ ಲಾಂಡ್ರಿಯವರು ಒಬ್ಬ ಒಳ್ಳೆಯ ಕೆಲಸಗಾರನನ್ನು ಕಳೆದುಕೊಂಡರು.

ಪಾಸ್ತಾ ಎಂಬುದನ್ನು ಅವರು ಅಲ್ಲಿಯವರೆಗೆ ಕಂಡವರೂ ಅಲ್ಲ, ಉಂಡವರೂ ಅಲ್ಲ. ಮೆನುವಿನ ಪ್ರತಿಯೊಂದು ಪದಾರ್ಥವನ್ನೂ ತಾವು ತಿಂದು ನೋಡದೆ ಬಡಿಸುವುದಿಲ್ಲವೆಂದು ಹಟ ಹಿಡಿದರು. ಆಗಿನ ಮುಖ್ಯ ಬಾಣಸಿಗರಿಗೆ ಸಿಟ್ಟು ಬಂದಿತು. ಹೊಸಬ ಪುಕ್ಕಟೆ ಊಟಕ್ಕೆ ದಾರಿ ಹುಡುಕುತ್ತಿದ್ದಾನೆ ಎಂದರು. "ತಿನ್ನದೇ ಇರೋದನ್ನ ಚೆನ್ನಾಗಿದೆ ಅಂತ ಯಾವ ಬಾಯಲ್ಲಿ ಹೇಳಲಿ?" ಎಂಬುದೇ ಅವರ ಉತ್ತರ. ಹೀಗೆ ಎರಡು ತಿಂಗಳಲ್ಲಿ ನಲವತ್ತಮೂರು ಪದಾರ್ಥಗಳ ರುಚಿ ತಿಳಿದರು. ಉದ್ದನೆಯ ಪಾಸ್ತಾವನ್ನು ಮುಳ್ಳುಚಮಚಕ್ಕೆ ಸುತ್ತುವುದನ್ನು ಮಾತ್ರ ಮನೆಯಲ್ಲಿ, ಹೆಂಡತಿಯ ಹೆಣಿಗೆಯ ಉಣ್ಣೆಯ ಮೇಲೆ ಅಭ್ಯಾಸ ಮಾಡಿದರು. "ಒಂದು ಸ್ವೆಟರ್ ಇವರ ಓದಿಗೇ ಹೋಯ್ತು" ಎಂದು ಆ ತಾಯಿ ಇಂದಿಗೂ ಹೇಳುತ್ತಾರೆ.

ಹೆಸರಿನ ಕಥೆ ಸಣ್ಣದು. ತಟ್ಟೆ ಹಿಡಿದು ಓಡುವವರನ್ನು ಕಂಡರೆ ಅವರು "ನಿಧಾನ, ನಿಧಾನ" ಎನ್ನುತ್ತಿದ್ದರು. ಆ ಮಾತೇ ಅವರಿಗೆ ಅಂಟಿಕೊಂಡಿತು. ಆದರೆ ಅವರು ಎಂದೂ ತಡಮಾಡಿದವರಲ್ಲ. ಕೈ ನಡುಗುವ ಹಿರಿಯರೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಸೂಪು ಅಂಗಿಯ ಮೇಲೆ ಚೆಲ್ಲುವುದೆಂದು ಅವರಿಗೆ ಅಳುಕು. ನಿಧಾನಯ್ಯನವರು ಬಟ್ಟಲಿಗೆ ಅರ್ಧ ಮಾತ್ರ ಹಾಕಿಸಿ ತಂದು, ಅದು ಮುಗಿದ ಮೇಲೆ ಇನ್ನರ್ಧ ತರುತ್ತಿದ್ದರು. "ಆರಿಹೋಗಬಾರದು ಅಂತ ಎರಡು ಸಲ ತರ್ತೀವಿ" ಎಂದು ಕಾರಣವನ್ನೂ ಅವರೇ ಒದಗಿಸುತ್ತಿದ್ದರು. ಗಂಡನ ಮನೆಯವರೆದುರು ಪಾಸ್ತಾ ಸುತ್ತಲಾಗದೆ ಮುಖ ಕೆಂಪಾಗಿ ಕುಳಿತ ಹೊಸ ಸೊಸೆಯೊಬ್ಬಳನ್ನು ಕಂಡಾಗ, ಅವಳೊಬ್ಬಳಿಗೆ ಚಮಚ ಕೊಡದೆ ಮೇಜಿನ ಏಳು ಮಂದಿಗೂ ಒಂದೊಂದು ಚಮಚ ಇಟ್ಟು ಬಂದರು. ಅವಳ ಮಾವನವರೇ ಮೊದಲು ಚಮಚಕ್ಕೆ ಕೈ ಹಾಕಿದರು.

ಈ ಲೇಖಕಿ ಇಲ್ಲಿಗೆ ಸೇರಿದಾಗ ಒಲೆಯ ಬಳಿ ಹೆಂಗಸರು ಇರಲಿಲ್ಲ. ಮೊದಲ ವಾರವೇ ಅವಳು ಮಾಡಿದ ರಿಸೊಟ್ಟೊ ಎಂಬ ಅನ್ನದ ಪದಾರ್ಥ ವಾಪಸು ಬಂದಿತು. ಉಳಿದ ವೇಟರುಗಳಾಗಿದ್ದರೆ ಅಡುಗೆಮನೆಯ ಕಿಟಕಿಯಲ್ಲಿ ತಟ್ಟೆ ಕುಕ್ಕಿ "ರಿಟರ್ನ್" ಎಂದು ಕೂಗುತ್ತಿದ್ದರು. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅವಳಿಗೆ ಮಾತ್ರ ಕೇಳುವಂತೆ, "ಉಪ್ಪು ಒಂದು ಚೂರು ಮುಂದೆ ಹೋಗಿದೆ, ತಂಗಿ. ಅವರು ಕಾಯ್ತಾರೆ, ನಾನು ಮಾತಾಡಿದ್ದೀನಿ. ನಿಧಾನ" ಎಂದರು. ಅಂದಿನಿಂದ ಅವರು ಅವಳಿಗೆ ಅಣ್ಣ.

ಇನ್ನು ಒಂಬತ್ತು ವರ್ಷಗಳ ಹಿಂದಿನ ಆ ಮಧ್ಯಾಹ್ನಕ್ಕೆ ಬರಬೇಕು. ಅಭಿನಂದನ ಲೇಖನಗಳಲ್ಲಿ ಇಂಥವನ್ನು ಬಿಟ್ಟುಬಿಡುವುದು ವಾಡಿಕೆ. ಆದರೆ ಅವರ ದೊಡ್ಡತನವೆಲ್ಲ ಅಲ್ಲಿಯೇ ಇರುವುದರಿಂದ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿರುವುದು.

ಆ ಹೊತ್ತಿಗೆ ಅವರ ಕಿವಿ ಮಂದವಾಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಹೆಂಡತಿಗೆ ಗೊತ್ತಿತ್ತು. ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಮಾತಾಡುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಅವರು ಸದ್ದಿಲ್ಲದೆ ಕಲಿತಿದ್ದರು. ಆರ್ಡರ್ ಬರೆದುಕೊಳ್ಳುವಾಗ ಅತಿಥಿಯ ಎದುರಿಗೇ ಹೋಗಿ ಬಾಗಿ ನಿಲ್ಲುತ್ತಿದ್ದರು. ನಾವು ಅದನ್ನು ವಿನಯವೆಂದುಕೊಂಡಿದ್ದೆವು. ಕಿವಿ ಕೇಳಿಸದವನಿಗೆ ಬಡಿಸುವ ಕೆಲಸ ಯಾರು ಕೊಡುತ್ತಾರೆ ಎಂಬ ಭಯ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಈ ಕೆಲಸವೊಂದನ್ನು ಬಿಟ್ಟು ಬೇರೆ ಬದುಕು ಅವರಿಗೆ ಹೊಳೆಯುತ್ತಲೂ ಇರಲಿಲ್ಲ.

ಅಂದು ಎಂಟು ಮಂದಿಯ ಒಂದು ಕುಟುಂಬ ಬಂದಿತ್ತು. ದಂತವೈದ್ಯೆಯಾಗಿದ್ದ ಮಗಳು ತಂದೆಯ ಅರವತ್ತನೆಯ ಹುಟ್ಟುಹಬ್ಬಕ್ಕೆಂದು ಎಲ್ಲರನ್ನೂ ಕರೆತಂದಿದ್ದಳು. ಅವಳು ಪೆಸ್ಟೊ ಪಾಸ್ತಾ ಕೇಳಿದಳು. ಪೆಸ್ಟೊ ಎಂದರೆ ಹಸಿರೆಲೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಚೀಸ್ ಮತ್ತು ಬೀಜಗಳನ್ನು ಅರೆದ ಚಟ್ನಿಯಂಥ ವಸ್ತು. ಕೇಳಿದವರಿಗೆ ಬೀಜವಿಲ್ಲದೆಯೂ ಅರೆದು ಕೊಡುತ್ತಿದ್ದೆವು. "ಬೀಜ ಗೀಜ ಏನೂ ಹಾಕಬೇಡಿ, ನಂಗೆ ಆಗಲ್ಲ" ಎಂದಳು. ಹಾಗೆ ಹೇಳುವ ಹೊತ್ತಿಗೆ ತಂದೆ ಏನೋ ಕೇಳಿದರೆಂದು ಮುಖವನ್ನು ಅತ್ತ ತಿರುಗಿಸಿದ್ದಳು. ತುಟಿ ಕಂಡಿದ್ದರೆ ಸಾಕಿತ್ತು. 'ಬೀ' ಎನ್ನಲು ತುಟಿಗಳು ಕೂಡಬೇಕು, 'ಚೀ' ಎನ್ನಲು ಬೇಡ. ತುಟಿ ಕಾಣಲಿಲ್ಲ. ಅವರು ಚೀಟಿಯಲ್ಲಿ "ಚೀಸ್ ಬೇಡ" ಎಂದು ಬರೆದರು.

ಎರಡನೆಯ ತುತ್ತಿಗೆ ಆಕೆಯ ತುಟಿ ಊದಿತು, ಉಸಿರು ಕಟ್ಟತೊಡಗಿತು. ಪುಣ್ಯಕ್ಕೆ ಆಕೆಯ ಕೈಚೀಲದಲ್ಲೇ ಚುಚ್ಚುಮದ್ದು ಇತ್ತು; ಜೊತೆಗಿದ್ದ ಆಕೆಯ ತಮ್ಮ ಅದನ್ನು ಚುಚ್ಚಿದ. ಆಂಬುಲೆನ್ಸ್ ಬಂದು ಕರೆದೊಯ್ಯಿತು. ಸಂಜೆಗೆಲ್ಲ ಅಪಾಯವಿಲ್ಲವೆಂದು ಸುದ್ದಿ ಬಂದಿತಾದರೂ, ಆ ನಡುವಿನ ನಾಲ್ಕು ಗಂಟೆ ನಮ್ಮಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ.

ಹಳೆಯ ಯಜಮಾನರ ಮಗ ಆಗಷ್ಟೇ ಆಡಳಿತ ವಹಿಸಿಕೊಂಡಿದ್ದರು. ಚೀಟಿ ಹಿಡಿದು ಅಡುಗೆಮನೆಗೆ ಬಂದರು.

"ನೋಡಿ, ಇದರಲ್ಲಿ ಚೀಸ್ ಬೇಡ ಅಂತಿದೆ. ಅವರೇ ಒಂದು ಹೇಳೋಕೆ ಹೋಗಿ ಇನ್ನೊಂದು ಹೇಳಿರ್ತಾರೆ. ನಮ್ಮ ಹತ್ರ ಬರಹ ಇದೆ. ನೀವ್ಯಾರೂ ಬಾಯಿ ಬಿಡಬೇಡಿ, ನಾನು ಮಾತಾಡ್ಕೋತೀನಿ."

"ಅವರು ಸರಿಯಾಗೇ ಹೇಳಿದ್ದಾರೆ" ಎಂದರು ನಿಧಾನಯ್ಯನವರು. "ಬೀಜ ಅಂದಿದ್ದಾರೆ. ನನಗೆ ಚೀಸ್ ಅಂತ ಕೇಳಿಸ್ತು."

"ಅದು ನಿಮಗೆ ಹೇಗೆ ಗೊತ್ತು?"

"ನನ್ನ ಕಿವಿ ಎರಡು ವರ್ಷದಿಂದ ಸರಿಯಿಲ್ಲ. ಮುಖ ನೋಡಿ ಅಂದಾಜಿನ ಮೇಲೆ ನಡೆಸ್ತಿದ್ದೆ. ಇವತ್ತು ಅವರ ಮುಖ ಆ ಕಡೆ ಇತ್ತು."

ಚಿಕ್ಕ ಯಜಮಾನರು ಚೀಟಿಯನ್ನು ಮಡಿಸಿದರು. ಆಮೇಲೆ, "ಇದನ್ನ ನೀವು ಹೇಳ್ದೇ ಇದ್ದಿದ್ರೆ ಚೆನ್ನಾಗಿತ್ತು" ಎಂದರು.

"ಎರಡು ವರ್ಷ ಹೇಳ್ಲಿಲ್ಲವಲ್ಲ, ಅದಕ್ಕೇ ಹೀಗಾಯ್ತು."

ಮರುದಿನ ಬೆಳಿಗ್ಗೆ ಅವರು ಒಬ್ಬರೇ ಆಸ್ಪತ್ರೆಗೆ ಹೋದರು. ಹೂವು ಹಣ್ಣು ಏನನ್ನೂ ಕೊಂಡೊಯ್ಯಲಿಲ್ಲ. ಅವನ್ನು ಹಿಡಿದು ಹೋದರೆ ಕ್ಷಮೆಯನ್ನು ಮೊದಲೇ ಕೇಳಿದ ಹಾಗಾಗುತ್ತದೆ ಎನಿಸಿತಂತೆ. ಬಾಗಿಲಲ್ಲೇ ತಂದೆ ಹಾಯ್ದು ಬಂದು, ಬಾಯಿಗೆ ಬಂದಂತೆ ಬೈದರು. ಬೈಗುಳವೆಲ್ಲ ಕೇಳಿಸಲಿಲ್ಲವಾದರೂ ಮುಖ ನೋಡಿಯೇ ಅಷ್ಟೂ ಅರ್ಥವಾಯಿತು. ಕೊನೆಗೆ ಮಗಳು ಒಳಗೆ ಕರೆದಳು. ಅವರು ನಡೆದುದನ್ನು ನಡೆದಂತೆಯೇ ಹೇಳಿದರು.

"ಈಗ ನಾನು ಹೇಳೋದು ಕೇಳಿಸ್ತಿದೆಯಾ?" ಎಂದಳು ಆಕೆ.

"ಮುಖ ನೋಡಿದ್ರೆ ಕೇಳಿಸುತ್ತೆ, ಡಾಕ್ಟ್ರೇ."

"ಹಾಗಾದ್ರೆ ಮೊದಲು ಕಿವಿ ತೋರಿಸಿ. ನನ್ನ ಹತ್ರ ಬರೋರೂ ಹೀಗೇ, ಹಲ್ಲು ಅರ್ಧ ಉದುರಿದ ಮೇಲೇ ಬಾಯಿ ತೆಗೀತಾರೆ." ಬಳಿಕ ಆಕೆ ನಗುವನ್ನು ಬದಿಗಿಟ್ಟು ಕೇಳಿದಳು: "ನನ್ನ ಚೀಲದಲ್ಲಿ ಔಷಧಿ ಇತ್ತು. ಇಲ್ಲದವರು ಬಂದು ಕೂತ್ರೆ ಏನು ಮಾಡ್ತೀರಿ?"

ಅವರು ಆ ಪ್ರಶ್ನೆಯನ್ನು ಹೊತ್ತು ಹಾಗೆಯೇ ಎದ್ದು ಬಂದರು.

ಚಿಕ್ಕ ಯಜಮಾನರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಊಟದ ಹಾಲ್‌ನಿಂದ ಹಿಂದಿನ ಕೋಣೆಗೆ ಕಳಿಸಿದರು. ಗಾಜಿನ ಲೋಟಗಳನ್ನು ಒರೆಸಿ ಹೊಳಪು ಬರಿಸುವುದು, ನ್ಯಾಪ್ಕಿನ್ ಮಡಿಸುವುದು. ಇಪ್ಪತ್ತೆರಡು ವರ್ಷ ಹಾಲನ್ನು ಆಳಿದವರು ಗೋಡೆಗೆ ಮುಖ ಮಾಡಿ ಕುಳಿತು ಲೋಟ ಒರೆಸುವುದನ್ನು ನೋಡಲಾರದೆ ನಾವು ಆ ಬಾಗಿಲನ್ನು ಬೇಗ ಬೇಗ ದಾಟುತ್ತಿದ್ದೆವು. ಈ ಲೇಖಕಿಗೆ ಮಾತ್ರ ಅದು ಇನ್ನೊಂದು ಕಾರಣಕ್ಕೂ ಕಷ್ಟವಾಗಿತ್ತು.

ಆ ಚೀಟಿಯಲ್ಲಿ ಇನ್ನೊಂದು ಸಾಲು ಇತ್ತು. ಚೀಸ್ ಬೇಡವೆಂದ ಅದೇ ಅತಿಥಿಯ ಹೆಸರಿಗೆ, ಊಟದ ಕೊನೆಗೆ, ತಿರಮಿಸು ಎಂಬ ಸಿಹಿ ಬರೆದಿತ್ತು. ತಿರಮಿಸು ಮಾಡುವುದೇ ಚೀಸ್‌ನಿಂದ. ಚೀಟಿ ಹಿಡಿದಾಗ ಅವಳಿಗೆ ಅದು ಕಣ್ಣಿಗೆ ಬಿದ್ದಿತ್ತು, ಇದೇನಿದು ಎಂದೂ ಅನಿಸಿತ್ತು. ಒಲೆಯ ಮೇಲೆ ಆರು ಬಾಣಲೆಗಳಿದ್ದವು, ಕೇಳಲಿಲ್ಲ. ಯಜಮಾನರು ಚೀಟಿ ಹಿಡಿದು ಬಂದಾಗ ತನ್ನ ತಪ್ಪಿಲ್ಲವೆಂದು ಎದೆ ಹಗುರವಾದದ್ದೂ ನಿಜ. ಎರಡು ವಾರ ತಡೆದುಕೊಂಡು, ಒಂದು ದಿನ ಹಿಂದಿನ ಕೋಣೆಗೆ ಹೋಗಿ ಹೇಳಿಕೊಂಡಳು.

"ಆಮೇಲೆ ಚೀಟಿ ನೋಡಿದಾಗ ಕಂಡಿತ್ತು" ಎಂದರು ಅಣ್ಣ, ಒರೆಸುತ್ತಿದ್ದ ಲೋಟವನ್ನು ಕೆಳಗಿಡದೆ.

"ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ನನ್ನದು ಅರ್ಧ ಕಮ್ಮಿ ಆಗ್ತಿತ್ತಾ, ತಂಗಿ? ಇಬ್ಬರು ಇಲ್ಲಿ ಕೂತು ಲೋಟ ಒರೆಸ್ತಿದ್ವಿ, ಅಷ್ಟೇ." ಆಮೇಲೆ ಅವಳ ಮುಖವನ್ನೇ ನೋಡಿ ಕೇಳಿದರು: "ಅವತ್ತು ನಿನಗೆ ಅನುಮಾನ ಬಂತಲ್ಲ, ಕೇಳೋಕೆ ಏನು ಅಡ್ಡ ಬಂತು?"

"ಬೆಲ್ ಇರೋದು ಊಟ ರೆಡಿ ಅನ್ನೋಕೆ. ಕೇಳೋಕೆ ಅಂತ ಒಂದು ಬೆಲ್ ಇಲ್ಲವಲ್ಲ ಅಣ್ಣ."

ಅವರು ಲೋಟವನ್ನು ಕೆಳಗಿಟ್ಟರು. ನ್ಯಾಪ್ಕಿನ್ ಒಂದನ್ನು ಬಿಡಿಸಿ ಹರಡಿ, ಅದರ ಮೇಲೆಯೇ ಬರೆಯತೊಡಗಿದರು. ಲಾಂಡ್ರಿಯಿಂದ ಬಂದವರು ಒಗೆದ ಬಟ್ಟೆಯ ಮೇಲೆ ಬರೆದದ್ದು ಅದೊಂದೇ ಸಲ. ಆರ್ಡರ್ ತೆಗೆದುಕೊಂಡವರು ಅತಿಥಿಯ ಎದುರು ನಿಂತು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಯಾವುದು ಆಗುವುದಿಲ್ಲ ಎಂಬುದನ್ನು ಅತಿಥಿ ಹೇಳುವವರೆಗೆ ಕಾಯದೆ ತಾವೇ ಕೇಳಬೇಕು. ಚೀಟಿಯಲ್ಲಿ ಒಂದಕ್ಕೊಂದು ಹೊಂದದ್ದು ಕಂಡರೆ ಅಡುಗೆಯವರು ಎರಡನೆಯ ಬೆಲ್ ಹೊಡೆಯಬೇಕು, ಹೊಡೆದವರ ಮೇಲೆ ಯಾರೂ ಗೊಣಗಬಾರದು. ಹೇಳುವುದಕ್ಕೆ ಇಷ್ಟೇ. ಇವತ್ತು ಸುತ್ತಲ ಹನ್ನೊಂದು ರೆಸ್ಟೋರೆಂಟುಗಳಲ್ಲಿ ಇದೇ ಪದ್ಧತಿ.

ಅಷ್ಟರಲ್ಲಿ ಕಿವಿಗೆ ಮಿಷನ್ ಬಂದಿತು. ಮೊದಲ ದಿನ ಹಾಕಿಕೊಂಡು ಬಂದವರು ಅರ್ಧ ಗಂಟೆಯಲ್ಲಿ ತಲೆ ಹಿಡಿದು ಕುಳಿತರು. ಚಮಚ ಬಿದ್ದರೆ ಗುಡುಗು, ಕುರ್ಚಿ ಎಳೆದರೆ ಸಿಡಿಲು. "ಇಷ್ಟು ಗಲಾಟೇಲಿ ನೀವೆಲ್ಲ ಹೇಗೆ ಬದುಕಿದ್ರಿ?" ಎಂದು ಕೇಳಿದರು. ಪ್ರತಿದಿನ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸುತ್ತ, ಹಾಲಿನ ಸದ್ದಿನೊಳಗಿಂದ ಮನುಷ್ಯರ ದನಿಯನ್ನು ಆರಿಸಿಕೊಳ್ಳುವುದನ್ನು ಐವತ್ತೈದರ ವಯಸ್ಸಿನಲ್ಲಿ ಹೊಸದಾಗಿ ಕಲಿತರು. ಮನೆಯಲ್ಲಿ ಮಾತ್ರ ಹೆಂಡತಿಗೆ ಮಿಶ್ರ ಸಂತೋಷ. "ಎರಡು ವರ್ಷ ಗೊಣಗೋಕೆ ಎಷ್ಟು ಆರಾಮಿತ್ತು. ಈಗ ಎಲ್ಲದಕ್ಕೂ ಉತ್ತರ ಕೊಡ್ತಾರೆ" ಎಂದರು.

ಅವರನ್ನು ಮತ್ತೆ ಹಾಲಿಗೆ ಕಳಿಸಿ ಎಂದು ನಾವು ಅಡುಗೆಯವರೆಲ್ಲ ಸೇರಿ ಚಿಕ್ಕ ಯಜಮಾನರನ್ನು ಕೇಳಿದೆವು. ತಿರಮಿಸುವಿನ ಸಾಲನ್ನು ಆ ದಿನ ಅವರಿಗೂ ಹೇಳಿದ್ದಾಯಿತು. ಅವರು ಒಂದು ವಾರ ಯೋಚಿಸಿ ಒಪ್ಪಿದರು. ಒಪ್ಪಿದವರು ಅರೆಮನಸ್ಸಿನಿಂದ ಒಪ್ಪಲಿಲ್ಲವೆಂಬುದನ್ನೂ ಇಲ್ಲಿ ದಾಖಲಿಸಬೇಕು: ಎರಡನೆಯ ಬೆಲ್ಲನ್ನು ಅವರೇ ತಂದು, ತಾವೇ ಗೋಡೆಗೆ ಮೊಳೆ ಹೊಡೆದರು.

ಲೋಟಗಳ ನಡುವಿನ ನಾಲ್ಕು ತಿಂಗಳು ಮುಗಿದ ಮೂರನೆಯ ದಿನ, ಆಕೆಯ ಪ್ರಶ್ನೆಗೆ ಉತ್ತರವಾಗಿ ಈ ಪದ್ಧತಿಯನ್ನು ವಿವರಿಸಿ ನಿಧಾನಯ್ಯನವರು ಬರೆದ ಪತ್ರ ತಲುಪಿ, ದಂತವೈದ್ಯೆ ಒಬ್ಬಳೇ ಊಟಕ್ಕೆ ಬಂದಳು. ಅದೇ ಪಾಸ್ತಾ ಕೇಳಿದಳು. ಅವರು ಎದುರು ನಿಂತು ಓದಿದರು: "ಪೆಸ್ಟೊ ಪಾಸ್ತಾ. ಬೀಜ ಬೇಡ. ಬಾದಾಮಿ, ಗೋಡಂಬಿ, ಯಾವ ಬೀಜವೂ ಬೇಡ. ಅರೆಯೋ ಪಾತ್ರೆ ಬೇರೆ ಇದೆ. ಚೀಸ್ ಇರಲಿ."

"ಚೀಸ್ ಜಾಸ್ತಿ ಇರಲಿ" ಎಂದಳು ಆಕೆ. "ಹೋದ ಸಲದ್ದೂ ಸೇರಿಸಿ."

ಆ ತಟ್ಟೆ ಹಾಲಿಗೆ ಹೋದ ಮೇಲೆ ನಾವೆಲ್ಲ ಕಿಟಕಿಯಲ್ಲಿ ನಿಂತು ಆಕೆ ತಿನ್ನುವುದನ್ನೇ ನೋಡಿದೆವು. ಮೊದಲ ತುತ್ತು, ಎರಡನೆಯದು, ಮೂರನೆಯದು. ನಿಧಾನಯ್ಯನವರು ದೂರದ ಮೇಜೊಂದರ ಬಟ್ಟೆಯನ್ನು, ಅದು ನೆಟ್ಟಗಿದ್ದರೂ, ಸರಿಪಡಿಸುತ್ತಲೇ ಇದ್ದರು. ತಟ್ಟೆ ಖಾಲಿಯಾಗಿ ಬಂದಿತು.

ಅನಂತರದ ವರ್ಷಗಳಲ್ಲಿ ಅವರ ಕೈಕೆಳಗೆ ಕಲಿತವರು ಅನೇಕರು. ಅವರ ಲೇಖನಗಳೂ ಈ ಗ್ರಂಥದಲ್ಲಿವೆ, ಪುನರುಕ್ತಿ ಬೇಡ. ನಿವೃತ್ತಿಯ ಬಳಿಕ ಏನು ಎಂಬುದಕ್ಕೆ ಅವರ ಹೆಂಡತಿಯ ಬಳಿ ಒಂದು ಯೋಜನೆಯಿತ್ತು: "ಊರಿಗೆಲ್ಲ ಬಡಿಸಿದ್ದಾಯ್ತು, ಇನ್ನು ನಾನು ಕೂತ್ಕೋತೀನಿ." ಅದಕ್ಕೆ ಭಾನುವಾರಗಳು ಮೀಸಲಾಗಿವೆ. ಉಳಿದ ದಿನಗಳನ್ನು ಒಂದು ಶಾಲೆಯವರು ಕೇಳಿ ಪಡೆದಿದ್ದಾರೆ. ಅಲ್ಲಿನ ಊಟದ ಮನೆಯಲ್ಲಿ ದಿನವೂ ನಾನೂರು ಮಕ್ಕಳು ಉಣ್ಣುತ್ತಾರೆ; ಹಾಲು ಆಗದವರು, ಮೊಟ್ಟೆ ಆಗದವರು, ಬೀಜ ಆಗದವರು, ತಮಗೇನು ಆಗದೆಂದು ಹೇಳಲೂ ಬಾರದವರು ಅವರಲ್ಲಿದ್ದಾರೆ. ಹೋದ ವಾರ ಮೊದಲ ಸಲ ನೋಡಿ ಬರಲು ಹೋದಾಗ ಈ ಲೇಖಕಿಯೂ ಜೊತೆಗಿದ್ದಳು. ನಿಧಾನಯ್ಯನವರು ತಮ್ಮ ಪದ್ಧತಿಯನ್ನು ವಿವರಿಸಿದರು. ಅಲ್ಲಿನ ಅಡುಗೆಯ ಮುಖ್ಯಸ್ಥೆ ಸೌಟು ಹಿಡಿದೇ ನಿಂತು ಕೇಳಿ, ತಲೆಯಾಡಿಸಿ, "ಎಲ್ಲ ಸರಿ ಸಾರ್. ನಾನೂರು ಮಕ್ಕಳನ್ನ ಕೇಳೋದು ಹೇಗೆ?" ಎಂದರು.

"ಒಬ್ಬೊಬ್ಬರನ್ನಾಗಿ, ಅಮ್ಮಾ" ಎಂದು, ಅವರು ಜೇಬಿನಿಂದ ಪೆನ್ನು ತೆಗೆದು, ಸಾಲಿನಲ್ಲಿ ಮೊದಲು ನಿಂತಿದ್ದ ಮಗುವಿನ ಎದುರು ಮೊಣಕಾಲೂರಿ ಕುಳಿತರು.

ನಾನೂರನೆಯ ಮಗುವನ್ನೂ ಕೇಳಿ ಮುಗಿಸಿ, ಮುಂದಿನ ವರ್ಷ ಹೊಸದಾಗಿ ಸೇರುವವರನ್ನೂ ಅದರ ಮುಂದಿನ ವರ್ಷದವರನ್ನೂ ಕೇಳುವಷ್ಟು ಆಯುಸ್ಸೂ, ಮೊಣಕಾಲೂರಿ ಕುಳಿತವರು ಮತ್ತೆ ಏಳುವಷ್ಟು ಶಕ್ತಿಯೂ ನಮ್ಮ ಅಣ್ಣನಿಗೆ ಇರಲಿ; ಆ ಮಕ್ಕಳೆಲ್ಲ ಹೆದರಿಕೆಯಿಲ್ಲದೆ ಹೊಟ್ಟೆ ತುಂಬ ಉಣ್ಣಲಿ.