ನಾಮದೇವನ ದನಿ

ಬನಹಟ್ಟಿಯ ನೇಕಾರ ಕರೆಪ್ಪ ಮಗ್ಗದ ಸದ್ದಿನಲ್ಲೇ ಬೆಳೆದವನು. ಮೆಲ್ಲಗೆ ಮಾತಾಡುವುದು ಅವನಿಗೆ ಗೊತ್ತಿರಲಿಲ್ಲ. ಕುಳ್ಳ, ಮೂಗಿನ ತುದಿಯಲ್ಲೇ ಸಿಟ್ಟು. ಅವನ ಜೀವದ ಗೆಳೆಯ ನಾಮದೇವ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಆರಡಿ ಆಳು, ಮೂರು ಸಲ ಕೇಳಿದರೆ ಒಂದು ಸಲ ಉತ್ತರ ಕೊಡುವ ಸಮಾಧಾನಿ. ಊರಿನ ನಾಟಕಗಳಲ್ಲಿ ಇಬ್ಬರೂ ಅಕ್ಕಪಕ್ಕ ನಿಂತರೆ ಸಾಕು, ಜನ ನಗುತ್ತಿದ್ದರು. ಕರೆಪ್ಪ ನಾಮದೇವನ ಎಳೆದೆಳೆದು ಆಡುವ ಮಾತನ್ನು ಅಣಕಿಸಿ ಮತ್ತಷ್ಟು ನಗಿಸುತ್ತಿದ್ದ.

ಅದನ್ನು ನೋಡಿದ ನಿರ್ದೇಶಕಿ ಪೂನಮ್, ಮೊಬೈಲಿನಲ್ಲೇ ಬಿಡುಗಡೆಯಾಗುವ ತನ್ನ ಹೊಡೆದಾಟದ ಹಾಸ್ಯಚಿತ್ರಕ್ಕೆ ಇಬ್ಬರನ್ನೂ ಆರಿಸಿದಳು. ಕರೆಪ್ಪ ಜಗಳಗಂಟ ಪೇದೆ, ನಾಮದೇವ ನಿದ್ದೆಬಡುಕ ಪೇದೆ. ಕೂಡಿ ಮುಧೋಳ ನಾಯಿ ಕದ್ದವರ ಬೆನ್ನಟ್ಟಬೇಕು. ಇಪ್ಪತ್ತೆರಡು ದಿನ ಕಬ್ಬಿನ ಹೊಲಗಳಲ್ಲಿ ಓಡಿದರು, ಕಾಲುವೆಗೆ ಬಿದ್ದರು. ವಾಹನಗಳ ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ. ಆಮೇಲೆ ಡಬ್ಬಿಂಗ್ ಮಾಡುವುದೆಂದಾಯಿತು.

ಅದಕ್ಕೆ ಎಂಟು ದಿನ ಇರುವಾಗ ನಾಮದೇವ ಹೊಲದಲ್ಲಿ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ.

ತಿಂಗಳ ಮೇಲೆ ಪೂನಮ್ ಫೋನ್ ಮಾಡಿದಳು. "ಕರೆಪ್ಪಣ್ಣಾ, ಅವರ ಮಾತೂ ನೀವ ಆಡ್ತೀರೇನ್ರಿ? ಬ್ಯಾರೆ ಯಾರಿಗೂ ಬರೂದಿಲ್ಲ."

ಅವನು ಹೋಗಿ ನಾಮದೇವನ ಹೆಂಡತಿ ಲಗಮವ್ವನನ್ನು ಕೇಳಿದ. "ಗುರ್ತಿಲ್ಲದವರಿಗಿಂತ ನೀವ ಛಲೋರಿ, ಅಣ್ಣಾ," ಎಂದಳು.

ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಎರಡು ದಿನ ತಾನೇ ಬೈದ, ತಾನೇ ಸಮಾಧಾನದಿಂದ ಉತ್ತರ ಕೊಟ್ಟ. "ಲೇ, ನಿಂದ್ರೋ, ನಾನೂ ಬರಾಕತ್ತೇನಿ" ಎಂಬ ನಾಮದೇವನ ಮಾತನ್ನು ಮಾತ್ರ ಅರ್ಧಕ್ಕೇ ಬಿಟ್ಟು ಮತ್ತೆ ಮತ್ತೆ ಮೊದಲಿನಿಂದ ಹೇಳಿದ.

ಚಿತ್ರ ಬಂದ ದಿನ ಮಧ್ಯಾಹ್ನ ಲಗಮವ್ವನ ಮನೆಯಲ್ಲಿ ಕೂತು ಫೋನಿನಲ್ಲಿ ಹಚ್ಚಿದ. ಗಂಡ ಕಾಲುವೆಗೆ ಬಿದ್ದಾಗ ಅವಳು ಸೆರಗು ಬಾಯಿಗೊತ್ತಿ ನಕ್ಕಳು. ಪರದೆಯಲ್ಲಿ ನಾಮದೇವ ಎದ್ದು ಮಾತಾಡಿದ. ನಗು ನಿಂತಿತು.

"ಅಣ್ಣಾ, ಬಂದ್ ಮಾಡ್ರಿ."

"ಸಿನಿಮಾನ?"

"ಇಲ್ರಿ, ದನಿ ಅಷ್ಟ. ಖರೇನ ಅವರಂಗ ಐತಿ. ಇದನ್ನ ಕೇಳ್ಕೋತ ಕುಂತ್ರ ಅವರದು ನನಗ ಮರತ ಹೋಕ್ಕೈತ್ರಿ."

ಕರೆಪ್ಪ ಫೋನಿನ ದನಿ ಬಂದ್ ಮಾಡಿದ. ಉಳಿದದ್ದನ್ನು ಇಬ್ಬರೂ ಸದ್ದಿಲ್ಲದೆ ನೋಡಿದರು. ಆಮೇಲೆ ಅವಳು ಚಹಾ ಮಾಡಿಕೊಟ್ಟಳು.

ಎರಡನೇ ಭಾಗಕ್ಕೆ ಕರೆ ಬಂದಾಗ ಕರೆಪ್ಪ ಒಲ್ಲೆನೆಂದ. "ಯಾಕ್ರಿ?" ಎಂದು ಪೂನಮ್ ಕೇಳಿದ್ದಕ್ಕೆ, "ನನ್ನ ಬೈಗಳ ಕೇಳವರು ಯಾರೂ ಇಲ್ರಿ," ಎಂದು ಫೋನ್ ಇಟ್ಟ.